ಉಕ್ಕದ ಹಾಲು

೭ ಜನವರಿ ೨೦೨೪, ಭಾನುವಾರ

ಹಾಲು ಕಾಯಿಸಿದೆ. ಉಕ್ಕಲು ಬಿಡಲಿಲ್ಲ. ಒಲೆಯ ಮುಂದೆ ನಿಂತೇ ಇದ್ದೆ.

ಮಾವ ಒಂಬತ್ತರ ಬಸ್ಸಿಗೆ ತುರ್ವಿಹಾಳದಿಂದ ಬಂದರು. ಎಂದಿನಂತೆ ಹೊರಗಿನ ಕಟ್ಟೆ. ಎಂದಿನಂತೆ ಕೈಚೀಲದಲ್ಲಿ ಅವರದೇ ನೀರಿನ ಬಾಟಲಿ. ಮೂಲೆಯ ಹೋಟೆಲಿನಿಂದ ಚಹಾ ತರಿಸಿಕೊಂಡರು. ನಾನು ಕಿಟಕಿಯ ಒಳಗೆ, ಅವರು ಹೊರಗೆ. ಅತ್ತೆಯ ಮಂಡಿನೋವು, ಭಾವನ ಅಂಗಡಿ, ಕಾಲುವೆಗೆ ನೀರು ಬಿಡುವ ದಿನ... ಎಲ್ಲ ಮಾತಾಯಿತು. ಹನ್ನೊಂದಕ್ಕೆ ಎದ್ದು ಹೋದರು.

ಸಿಂಧನೂರಿನ ಈ ಸ್ವಂತ ಮನೆಗೆ ಬಂದು ಎರಡೂವರೆ ವರ್ಷ. ಮಾವ ಇನ್ನೂ ಹೊಸ್ತಿಲು ದಾಟಿಲ್ಲ. "ಸಾಲದ ಮನ್ಯಾಗ ಹಾಲುಕ್ಕಸಬಾರ್ದು, ನೀರೂ ಕುಡೀಬಾರ್ದು." ಇದು ಅವರ ಪಣ. ಹಾಗಾಗಿ ನಮ್ಮ ಮನೆಗೆ ಗೃಹಪ್ರವೇಶವೇ ಆಗಲಿಲ್ಲ. ಸಾಮಾನು ಟ್ರಾಲಿಗೆ ಹೇರಿಕೊಂಡು ಬಂದು ಇಳಿದೆವು, ಅಷ್ಟೆ. ಪಕ್ಕದವರು ಆರು ತಿಂಗಳು ನಮ್ಮನ್ನು ಬಾಡಿಗೆಯವರೆಂದೇ ತಿಳಿದಿದ್ದರು.

ಹೋಮ್ ಲೋನ್ ಒಂಬತ್ತು ಲಕ್ಷ, ಹದಿನೈದು ವರ್ಷಕ್ಕೆ. ಬಾಕಿ ೪,೩೪,೦೦೦.

೮ ಫೆಬ್ರವರಿ, ಗುರುವಾರ. ಬಸ್ಸಿನಲ್ಲಿ

ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ. ಇಎಂಐ ಒಂಬತ್ತು ಸಾವಿರ, ಮೇಲೆ ನಮ್ಮದು ಹನ್ನೊಂದು. ಪ್ರತಿ ತಿಂಗಳೂ ಹೀಗೆ. ಹೆಚ್ಚು ಕಟ್ಟುವವರನ್ನೂ ಬ್ಯಾಂಕಿನವರು ಅನುಮಾನದಿಂದಲೇ ನೋಡುತ್ತಾರೆ. ಹೊಸ ಮ್ಯಾನೇಜರ್ ಕೇಳಿದ, ಇಎಂಐ ಕಡಿಮೆ ಮಾಡಿಕೊಡಲೇ ಎಂದು. ಬೇಡ, ವರ್ಷ ಕಡಿಮೆ ಮಾಡಿ ಎಂದೆ. ಅಷ್ಟು ಅವಸರ ಯಾಕೆ ಮೇಡಂ ಎಂದ. ಮಾವನಿಗೆ ಚಹಾ ಕೊಡಬೇಕಿದೆ ಎಂದು ಹೇಳಲಾಗುತ್ತದೆಯೇ.

ಈಗ ಲಿಂಗಸುಗೂರಿಗೆ. ಮಧ್ಯಾಹ್ನದ ರಕ್ತಗಳು ಕಾಯುತ್ತಿರುತ್ತವೆ. ಲ್ಯಾಬಿನಲ್ಲಿ ನಾನೊಬ್ಬಳೇ ಟೆಕ್ನಿಶಿಯನ್. ಬಸ್ಸು ಹೆಂಗಸರಿಗೆ ಫ್ರೀ ಆದಾಗಿನಿಂದ ಉಳಿದ ಚಾರ್ಜೂ ಲೋನಿಗೇ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾವು ಕಾಲು ಮಡಚಿಕೊಂಡೇ ಮಲಗುವವರು.

೨೧ ಏಪ್ರಿಲ್, ಭಾನುವಾರ

ಬಿಸಿಲು. ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಬಸವಲಿಂಗ — ಎದುರಿಗೆ 'ರೀ', ಇಲ್ಲಿ ಬಸವಲಿಂಗ, ಯಾರೂ ಓದುವುದಿಲ್ಲವಲ್ಲ — ಮಸ್ಕಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮೂರು ತಾಲೂಕಿನ ಪಂಪ್‌ಸೆಟ್ಟುಗಳನ್ನೆಲ್ಲ ತಿರುಗಿಸುತ್ತಾನೆ. ನಮ್ಮ ಮನೆಯ ಕೂಲರ್ ಮೋಟರ್ ಸುಟ್ಟು ಇದು ಎರಡನೆಯ ಬೇಸಿಗೆ. ತಂತಿಯ ಖರ್ಚು ಲೋನಿಗೆ ಹಾಕಿದರೆ ಒಂದು ವಾರ ಮೊದಲು ತೀರುತ್ತದಂತೆ. ಲೆಕ್ಕ ಕಲಿಸಿದವಳು ನಾನೇ. ಅನುಭವಿಸಬೇಕು.

ಮಾವ ಇವತ್ತು ಕಟ್ಟೆಯ ಮೇಲೆ ಟವೆಲ್ ಒದ್ದೆ ಮಾಡಿ ತಲೆಗೆ ಹಾಕಿಕೊಂಡು ಕೂತರು. ಒಳಗೆ ಬನ್ನಿ ಎಂದು ಕರೆಯುವುದನ್ನು ಯಾವಾಗಲೋ ಬಿಟ್ಟಿದ್ದೇನೆ.

ಅವರ ಪಣದ ಕಥೆ ಅತ್ತೆ ಹೇಳಿದ್ದು. ಆಗ ತುರ್ವಿಹಾಳದಲ್ಲಿ ಅವರದು ಕಿರಾಣಿ ಅಂಗಡಿ, ಹೊಸದಾಗಿ ಕಟ್ಟಿದ ಮನೆ. ಗೆಳೆಯನ ಸಾಲಕ್ಕೆ ಅದೇ ಮನೆಯನ್ನು ಜಾಮೀನಾಗಿ ಇಟ್ಟಿದ್ದರು. ಎಲ್ಲಾ ತೀರೇತಿ, ನಿಶ್ಚಿಂತ ಹಾಲುಕ್ಕಸು ಎಂದ ಗೆಳೆಯ. ಇವರು ನಂಬಿ ಹಾಲುಕ್ಕಿಸಿದರು, ಜಂಗಮರ ಪಾದಪೂಜೆ ಮಾಡಿದರು, ಮುನ್ನೂರು ಮಂದಿಗೆ ಊಟ. ಒಂಬತ್ತನೆಯ ದಿನ ಬಾಗಿಲಿಗೆ ನೋಟಿಸು ಅಂಟಿತು. ಮಾವಿನ ತೋರಣ ಇನ್ನೂ ಒಣಗಿರಲಿಲ್ಲವಂತೆ. ಆ ಸಾಲವನ್ನು ಮಾವ ಹದಿನೆಂಟು ವರ್ಷ ತೀರಿಸಿದರು.

೧೭ ನವೆಂಬರ್, ಭಾನುವಾರ

ಏಳು ತಿಂಗಳು ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಕಟ್ಟಿದೆವು, ಉಂಡೆವು, ಮಲಗಿದೆವು.

ಇವತ್ತು ಮಾವ ಬಸ್ಸಿನ ಫುಟ್‌ಬೋರ್ಡಿನಿಂದ ಜಾರಿದರು. ಮಣಿಕಟ್ಟು ಊದಿದೆ. ಮೂಳೆ ಮುರಿದಿಲ್ಲ. ಕಟ್ಟೆಯ ಮೇಲೆ ಕೂರಿಸಿ ಬ್ಯಾಂಡೇಜ್ ಸುತ್ತಿದೆ. ನೋವಿನ ಮಾತ್ರೆ ಕೊಟ್ಟೆ. ಮಾತ್ರೆ ನಮ್ಮದು, ನೀರು ಅವರ ಬಾಟಲಿಯದು.

ಅವರು ಹೋದ ಮೇಲೆ ಬಸವಲಿಂಗ ಬಹಳ ಹೊತ್ತು ಕಟ್ಟೆಯನ್ನೇ ನೋಡಿದ. "ಅಪ್ಪಗ ಎಪ್ಪತ್ತೆಂಟು" ಎಂದ. ಲೆಕ್ಕ ತೋರಿಸಿದೆ. ಹೀಗೇ ಕಟ್ಟಿದರೆ ಮುಂದಿನ ಡಿಸೆಂಬರ್ ಹೊತ್ತಿಗೆ ಪೂರ್ತಿ ತೀರುತ್ತದೆ, ಹದಿಮೂರೇ ತಿಂಗಳು. ಅವನು ಲೆಕ್ಕದ ಪುಸ್ತಕ ಮುಚ್ಚಿ ಎದ್ದ.

೧೧ ಮಾರ್ಚ್ ೨೦೨೫, ಮಂಗಳವಾರ

ತೀರಿತು!

ಸಂಜೆ ಬಸವಲಿಂಗ ಬಂದವನೇ ರಶೀದಿ ಕೈಗಿಟ್ಟ. ಲೋನ್ ಅಕೌಂಟ್ ಕ್ಲೋಸ್. ನಿನ್ನೆಯವರೆಗೆ ೧,೮೬,೦೦೦ ಬಾಕಿ ಇತ್ತು. ಏತ ನೀರಾವರಿಯ ದೊಡ್ಡ ಮೋಟರುಗಳ ಆರ್ಡರ್ ಸಿಕ್ಕಿತ್ತಂತೆ, ನನಗೆ ಹೇಳದೆ ಕೂಡಿಟ್ಟಿದ್ದನಂತೆ. ಮೂರು ಸಲ ಓದಿದೆ. ಅತ್ತುಬಿಟ್ಟೆ. ಅವನೂ ಅತ್ತ. ಆಮೇಲೆ ಇಬ್ಬರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದು ತಿಂದೆವು. ಎಷ್ಟು ಖರ್ಚಾಯಿತು ಎಂದು ಬರೆದಿಡಲಿಲ್ಲ.

ಬಹಳ ಸಂತೋಷವಾಗಿದೆ. ಸುಮ್ಮನೆ ಅಡುಗೆಮನೆಗೆ ಹೋಗಿ ನಿಂತು ಬಂದೆ.

೧೩ ಏಪ್ರಿಲ್, ಭಾನುವಾರ

ಬ್ಯಾಂಕಿನಿಂದ ಮನೆಯ ಪತ್ರಗಳು ಬಂದವು. ಬಸವಲಿಂಗ ಕಟ್ಟೆಯ ಮೇಲೆಯೇ ಅಪ್ಪನ ಮುಂದೆ ಹರಡಿದ. ಮಾವ ಒಂದೊಂದೇ ತಿರುವಿ ನೋಡಿದರು. ಬಸವ ಜಯಂತಿಗೆ, ಮೂವತ್ತನೆಯ ತಾರೀಖು, ಗೃಹಪ್ರವೇಶ ಎಂದು ನಿಶ್ಚಯವಾಯಿತು.

ಎದ್ದು ಹೋಗುವಾಗ ಕಿಟಕಿಗೆ ಬಂದರು. ಪತ್ರ ನೋಡೀನಿ, ಆವತ್ತು ಬಾಗಿಲಲ್ಲಿ ನಿನ್ನನ್ನೂ ಒಂದು ಮಾತು ಕೇಳುತ್ತೇನೆ, ನೀನು ಹೇಳಿದರೆ ಒಳಗೆ ಬರುತ್ತೇನೆ ಎಂದರು. ನಕ್ಕು ಆಗಲಿ ಎಂದೆ.

೨೬ ಏಪ್ರಿಲ್, ಶನಿವಾರ

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಗೌಸ್‌ಸಾಬರು ಬಸ್ಸಿನ ಕಿಟಕಿಗೆ ಬಂದು ಒಂದು ಚೀಲ ಮಾವಿನಹಣ್ಣು ಕೊಟ್ಟರು. ಬಸವಲಿಂಗನ ಅಂಗಡಿಯ ಪಕ್ಕದಲ್ಲೇ ತಾಮ್ರದ ತಂತಿ ಮಾರುತ್ತಾರೆ. ಒಳ್ಳೆಯ ಮನುಷ್ಯ. ಗೃಹಪ್ರವೇಶಕ್ಕೆ ಬರುತ್ತೇನೆ ಎಂದರು. ಬಸ್ಸು ಹೊರಟಾಗ ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತ ಹೇಳಿದರು.

"ನಂದೇನೂ ಅವಸರಿಲ್ರಿ ಅಕ್ಕಾರ. ಆ ಒಂದ ಲಕ್ಷ ಎಂಬತ್ತ ಸಾವಿರ, ವರ್ಷ ತಡಾ ಆದ್ರೂ ಚಿಂತಿಲ್ಲ ಅಂತ ಬಸಣ್ಣಗ ಹೇಳೀನಿ."

ಸಿಂಧನೂರು ಬರುವವರೆಗೆ ಹಣ್ಣಿನ ಚೀಲ ಮಡಿಲಲ್ಲೇ ಇತ್ತು. ದಿನಾ ನಲವತ್ತು ಮಂದಿಯ ರಕ್ತ ನೋಡಿ ಯಾರಿಗೆ ಏನು ಎಂದು ಹೇಳುವವಳು. ಗಂಡನ ಮುಖ ನೋಡಿ ಹೇಳಲಾಗಲಿಲ್ಲ.

ಕೇಳಿದೆ. ಮುಚ್ಚಿಡಲಿಲ್ಲ ಅವನು. ಆರ್ಡರ್ ಬಂದದ್ದು ಸುಳ್ಳು. ಕೈಯಲ್ಲಿದ್ದದ್ದು ಆರು ಸಾವಿರ, ಉಳಿದದ್ದೆಲ್ಲ ಗೌಸ್‌ಸಾಬರದು.

"ಅದು ಕೈಗಡ. ಬಡ್ಡಿ ಇಲ್ಲ, ಕಾಗದ ಇಲ್ಲ. ಸಾಲ ಹ್ಯಾಂಗ ಆಕ್ಕತಿ?"

"ತಿರುಗಿ ಕೊಡಬೇಕೋ, ಬ್ಯಾಡೋ?"

"ಕೊಡಬೇಕು."

"ಹಂಗಾರ ಸಾಲ."

ಆಮೇಲೆ, ಅಪ್ಪನಿಗೆ ಹೇಳಬೇಡ ಎಂದ. ಅವನೊಬ್ಬನದೇ ತಪ್ಪು ಎಂದು ಹೇಗೆ ಅನ್ನಲಿ. ಈ ಭಾಗದಲ್ಲಿ ಕೈಗಡವನ್ನು ಸಾಲ ಎಂದು ಯಾರೂ ಎಣಿಸುವುದಿಲ್ಲ. ಹೋದ ತಿಂಗಳು ಲ್ಯಾಬಿನಲ್ಲಿ ಚೀಟಿ ಬರೆಯುವ ಅಶ್ವಿನಿಯಿಂದ ಐನೂರು ತೆಗೆದುಕೊಂಡಿದ್ದೆ. ನನ್ನ ಪುಸ್ತಕದಲ್ಲೂ ಅದು ಇಲ್ಲ.

ಆದರೂ ಸಿಟ್ಟು ಬಂದಿದೆ. ದುಡ್ಡಿಗಲ್ಲ. ನಾಲ್ಕು ವರ್ಷ ಒಂದೇ ಅಂಕಿಯನ್ನು ಇಬ್ಬರೂ ಸೇರಿ ಕರಗಿಸಿದೆವು. ಕೊನೆಯದನ್ನು ಅವನೊಬ್ಬನೇ ಮಾಡಿದ.

೩೦ ಏಪ್ರಿಲ್, ಬುಧವಾರ. ಮಧ್ಯಾಹ್ನ ಮೂರು

ಎಲ್ಲರೂ ಹೋದರು. ಪಾತ್ರೆ ತೊಳೆಯುವುದಿದೆ. ಮೊದಲು ಇದು.

ಹೊಸ ಒಲೆ, ಹೊಸ ಪಾತ್ರೆ, ಪಾತ್ರೆಗೆ ವಿಭೂತಿ ಪಟ್ಟೆ. ಹಾಲು ಇಟ್ಟು ಉರಿ ಸಣ್ಣ ಮಾಡಿದ್ದೆ. ಅತ್ತೆ ಪಾರ್ವತೆಮ್ಮ, ಭಾವ, ಗೌಸ್‌ಸಾಬರು, ಇನ್ನೂ ಹತ್ತು ಮಂದಿ. ಮಾವ ಬಿಳಿ ಧೋತರ ಉಟ್ಟಿದ್ದರು. ಹೊಸ್ತಿಲಲ್ಲಿ ಎಡಗಾಲಿನ ಚಪ್ಪಲಿ ಬಿಟ್ಟು ನಿಂತರು. ಬಲಗಾಲಿನದು ಹಾಗೇ ಇತ್ತು.

"ದಾನೇಶ್ವರಿ, ನೀ ಹೇಳವಾ. ಎಲ್ಲಾ ತೀರೇತೇನು?"

ಬಸವಲಿಂಗ ನನ್ನನ್ನು ನೋಡಿದ. ಅಷ್ಟು ದೈನ್ಯ ಆ ಮುಖದಲ್ಲಿ ಎಂದೂ ನೋಡಿಲ್ಲ. ಹೌದ್ರಿ ಎಂದರೆ ಮುಗಿಯುತ್ತಿತ್ತು. ಎರಡಕ್ಷರ. ನಾಲಿಗೆಯ ತುದಿಯಲ್ಲೇ ಇತ್ತು.

"ಬ್ಯಾಂಕಿಂದು ತೀರೇತ್ರಿ. ಕೈಗಡ ಒಂದೂ ಎಂಬತ್ತ ಐತ್ರಿ."

ಗೌಸ್‌ಸಾಬರು ನೆಲ ನೋಡಿದರು. ಅತ್ತೆ, ಕೈಗಡ ಯಾರ ಮನೆಯಲ್ಲಿಲ್ಲ ಎಂದು ಗೊಣಗಿದರು. ಮಾವ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತರು. ಬಸವಲಿಂಗ ಹಿತ್ತಲಿಗೆ ಹೋದ. ನಾನು ಒಳಗೆ ಓಡಿದೆ. ಹಾಲು ಅಂಚಿಗೆ ಬಂದಿತ್ತು. ಇಳಿಸಿದೆ.

ಹೋಳಿಗೆ ಆಗಿದ್ದವು. ಎಲ್ಲರೂ ಅಂಗಳದಲ್ಲಿ ಕೂತು ಉಂಡರು. ಮಾವ ಉಣ್ಣಲಿಲ್ಲ. ಹೊರಡುವಾಗ ಕರೆದು, "ನೀರ ಕೊಡವಾ" ಎಂದರು. ಅವರ ಕೈಚೀಲ ನೋಡಿದೆ. ಬಾಟಲಿ ಅದರಲ್ಲೇ ಇತ್ತು, ತುಂಬಿತ್ತು. ನಮ್ಮ ಕೊಡದ ನೀರು ತಂದುಕೊಟ್ಟೆ. ಪೂರ್ತಿ ಕುಡಿದು, ತಂಬಿಗೆ ನನ್ನ ಕೈಗೇ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದರು.

೧೧ ಮೇ, ಭಾನುವಾರ

ಬಸವಲಿಂಗ ಮಾತು ಬಿಟ್ಟು ಹನ್ನೊಂದು ದಿನ. ಮಾಳಿಗೆಯ ಮೇಲೆ ಮಲಗುತ್ತಾನೆ. ಉಪ್ಪು ಕಡಿಮೆಯಾದರೂ ಹೇಳುವುದಿಲ್ಲ. ಮೊನ್ನೆ ನಾನೇ ಗೌಸ್‌ಸಾಬರಿಗೆ ಇಪ್ಪತ್ತು ಸಾವಿರ ಕೊಟ್ಟು ಬಂದೆ.

ಮಾವ ಬಂದರು. ಕಟ್ಟೆ. ಇನ್ನು ಎಷ್ಟು ಎಂದು ಕೇಳಿದರು. ಒಂದೂ ಅರವತ್ತು ಎಂದೆ. ಬೆರಳು ಮಡಚಿ ಎಣಿಸಿ, ಎಂಟು ತಿಂಗಳು ಎಂದರು. ನೀರು ಕೇಳಿ ಕುಡಿದರು.

ನಾನು ಹೇಳಿದ್ದು ಸರಿ. ಅದು ಗೊತ್ತು. ಸರಿ ಹೇಳಿ ಒಬ್ಬಳೇ ಉಣ್ಣುವುದು ಕಷ್ಟ.

೨೩ ಮೇ, ಶುಕ್ರವಾರ

ಲ್ಯಾಬಿನಿಂದ ಬಂದರೆ ಬಸವಲಿಂಗ ಹಾಲ್‌ನಲ್ಲಿ ಚಕ್ಕಳಮಕ್ಕಳ ಕೂತಿದ್ದ. ಮುಂದೆ ಬಿಚ್ಚಿದ ಕೂಲರ್. ಮೋಟರಿಗೆ ಹೊಸ ತಂತಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಮುಂದಿನ ತಿಂಗಳ ಎಷ್ಟ ಹೊಂದ್ತತಿ?" ಎಂದ.

ಇಪ್ಪತ್ತು ಎಂದೆ. ಇಪ್ಪತ್ತೆರಡು ಮಾಡೋಣ ಎಂದ. ತಂತಿಯ ಖರ್ಚು ಕಳೆದು ಇಪ್ಪತ್ತೇ ಎಂದೆ. ನಕ್ಕ.

ಕೂಲರ್ ತಿರುಗುತ್ತಿದೆ. ಹಾಳೆ ಹಾರುತ್ತಿವೆ, ಬರೆಯಲಾಗುತ್ತಿಲ್ಲ.

೧೪ ಸೆಪ್ಟೆಂಬರ್, ಭಾನುವಾರ

ಬಾಕಿ ೮೦,೦೦೦. ಮಾವನಿಗೂ ಲೆಕ್ಕ ಬಾಯಿಪಾಠ. ನಾನು ಹೇಳುವ ಮೊದಲೇ ಹೇಳುತ್ತಾರೆ.

ಈಗ ಬಾಟಲಿ ತರುವುದಿಲ್ಲ. ಇವತ್ತು ತಾವಾಗಿಯೇ ಆ ಗೆಳೆಯನ ಮಾತು ತೆಗೆದರು. ಇನ್ನೂ ಐತಿ ಅಂತ ಒಂದು ಮಾತು ಹೇಳಿದ್ದರೆ ಅವನ ಜೊತೆ ಕೂತು ತೀರಿಸುತ್ತಿದ್ದೆ ಎಂದರು. ಮತ್ತೆ ಕಾಲುವೆ ನೀರಿನ ಸುದ್ದಿ.

೨೧ ಡಿಸೆಂಬರ್, ಭಾನುವಾರ. ಬೆಳಿಗ್ಗೆ ಹತ್ತು

ಮೂರು ದಿನದಿಂದ ಜ್ವರ. ನನ್ನ ರಕ್ತ ನಾನೇ ನೋಡಿಕೊಂಡೆ. ಡೆಂಗಿ ಅಲ್ಲ. ಮಲಗಿಯೇ ಬರೆಯುತ್ತಿದ್ದೇನೆ. ಬಸವಲಿಂಗ ಯಾರದೋ ಹೊಲದ ಮೋಟರ್ ಎತ್ತಲು ಹೋಗಿದ್ದಾನೆ. ಬಾಗಿಲು ಮುಂದಕ್ಕೆ ಮಾಡಿ ಹೋಗಿದ್ದಾನೆ, ಅಗಳಿ ಹಾಕಿಲ್ಲ.

ಗೌಸ್‌ಸಾಬರದು ಇನ್ನು ಇಪ್ಪತ್ತೇ. ಜನವರಿಗೆ ಮುಗಿಯುತ್ತದೆ.

ಮಾವ ಬಂದರು. ಕಿಟಕಿಯಲ್ಲಿ ನೀರು ಕೇಳಿದರು. ಜ್ವರ, ಏಳಲು ಆಗುತ್ತಿಲ್ಲ ಎಂದು ಹಾಸಿಗೆಯಿಂದಲೇ ಹೇಳಿದೆ. ಊಟ ಆಯಿತೇ ಎಂದರು. ಇಲ್ಲ. ಚಹಾ? ಅದೂ ಇಲ್ಲ. ಹೊರಗೆ ಸದ್ದಿಲ್ಲ. ಹೋಟೆಲಿಗೆ ಹೋದರು ಎಂದುಕೊಂಡೆ.

ಆಮೇಲೆ ಚಪ್ಪಲಿ ಬಿಟ್ಟ ಸದ್ದು. ಒಂದು. ಎರಡು.

ಅಡುಗೆಮನೆಯಲ್ಲಿ ಡಬ್ಬಿ ಸರಿಸುತ್ತಿದ್ದಾರೆ.

"ಚಾಪುಡಿ ಎಲ್ಲೈತಿ?"

ಲೆಕ್ಕ ಮರೆತು ಬಂದಿರಬಹುದು ಎಂದು, "ಇನ್ನ ಇಪ್ಪತ್ತ ಸಾವಿರ ಐತ್ರಿ ಮಾವಾರ" ಎಂದೆ.

"ಅದನ್ನ ಯಾರ ಕೇಳ್ಯಾರ? ಚಾಪುಡಿ ಎಲ್ಲೈತಿ ಅಂದೆ."

ಮೇಲಿನ ಹಲಗೆ, ಸ್ಟೀಲ್ ಡಬ್ಬಿ ಎಂದೆ. ಲೈಟರ್ ಮೂರು ಸಲ ಹೊಡೆದರು. ಹತ್ತಿತು. ಹಾಲಿನ ಪಾತ್ರೆ ಇಟ್ಟರು. ಹುಟ್ಟಿದಾಗಿನಿಂದ ಒಲೆ ಮುಟ್ಟಿದವರಲ್ಲ. ಉರಿ ಜೋರು ಮಾಡಿದ್ದಾರೆ, ಸದ್ದು ಇಲ್ಲಿಗೆ ಕೇಳುತ್ತಿದೆ. ಮತ್ತೆ ಡಬ್ಬಿ ಹುಡುಕುತ್ತಿದ್ದಾರೆ, ಸಕ್ಕರೆ ಇರಬೇಕು. ಹಾಲಿನ ಕಡೆ ಬೆನ್ನಿರಬೇಕು. ಸುಂಯ್ ಎನ್ನುತ್ತಿದೆ. ಏರುತ್ತಿದೆ. ಕೂಗಿದರೆ ಇಳಿಸುತ್ತಾರೆ.

ಕೂಗಲಿಲ್ಲ.

ಚುರ್ ಎಂದಿತು. ವಾಸನೆ ಬಂತು. ಮಾವ ಒಳಗಿನಿಂದ ಕರೆಯುತ್ತಿದ್ದಾರೆ —