ಟ್ರ್ಯಾಕ್ಟರಿಗೆ ರಿಮೋಟ್ ಹಾಕಿಸಿದ ಶುಕ್ರವಾರ

ತೊಂಡೇಬಾವಿ,
ಭಾನುವಾರ, ೧೩ ಜುಲೈ ೨೦೨೫

ಪ್ರೀತಿಯ ತಮ್ಮ ರಮೇಶ್‌ಬಾಬುಗೆ ಅಣ್ಣನ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಫ್ಯಾಕ್ಟರಿ ಕ್ಯಾಂಟೀನಿನ ಊಟ ಹೊಟ್ಟೆಗೆ ಒಗ್ಗಿತಾ? ಬೈಕಲ್ಲಿ ಹೋಗಿಬರೋ ಕುಡುಮಲಕುಂಟೆಗೆ ಕಾಗದ ಹಾಕ್ತೀನಿ ಅಂದಾಗ ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಏನು ಮಾಡಲಿ, ಫೋನ್ ಎತ್ತಲ್ಲ. ರೂಮಿನ ಹತ್ತಿರ ಬಂದರೆ ಶಿಫ್ಟಿದೆ ಅಂತೀಯ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಊಟ ಮಾಡ್ತಾಳೆ. ಸೊಪ್ಪಿನ ಸಾರು ಮಾಡಿದ ದಿನ ನಿನ್ನ ತಟ್ಟೆಗೂ ಮುದ್ದೆ ಇಟ್ಟು, ಆಮೇಲೆ ಹಸುವಿಗೆ ಹಾಕ್ತಾಳೆ. ಹಸು ದಪ್ಪ ಆಗಿದೆ.

ದಾಳಿಂಬೆ ಹೂ ಬಿಟ್ಟಿದೆ. ಔಷಧಿ ಹೊಡೆಯೋಕೆ ಎರ್ರಪ್ಪನ ಟ್ರ್ಯಾಕ್ಟರ್ ಕರೆಸ್ತೀನಿ, ನಮ್ಮದು ಶೆಡ್ಡಿನಿಂದ ಆಚೆ ಬಂದಿಲ್ಲ. ಪೈಪು ಸಿಕ್ಕಿಕೊಂಡಾಗಲೆಲ್ಲ ಇಂಜಿನ್ ನಿಲ್ಲಿಸೋಕೆ ಅಪ್ಪ ಆ ಮಂಡಿ ಇಟ್ಟುಕೊಂಡು ಸಾಲಿನ ತುದಿಯಿಂದ ಕುಂಟಿಕೊಂಡು ಬರೋದನ್ನ ನೋಡಲಾರದೆ ತಾನೇ ನೀನು ಚಿಂತಾಮಣಿಯಿಂದ ಮೆಕ್ಯಾನಿಕ್ ಕರೆಸಿ ರಿಮೋಟ್ ಹಾಕಿಸಿದ್ದು? ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗಲಿ ಅಂತ ಇದ್ದ ಸ್ವಿಚ್ಚನ್ನ ಅವನು ಕಿತ್ತು ವೈರು ಜೋಡಿಸಿದ. "ಇದಿದ್ರೆ ರಿಮೋಟ್ ನಡೆಯಲ್ಲ, ನ್ಯೂಟ್ರಲ್‌ನಲ್ಲಿ ನಿಲ್ಸಿ ಸಾಕು, ಗೇರಲ್ಲಿದ್ರೆ ಒತ್ತಿದ ತಕ್ಷಣ ಮುಂದಕ್ಕೆ ಹಾರುತ್ತೆ" ಅಂದ. ತಲೆಯಾಡಿಸಿದೆವು. ಹ್ಯಾಂಡ್ ಬ್ರೇಕ್ ಹಿಡಿಯಲ್ಲ ಅಂತ ಹತ್ತು ವರ್ಷದಿಂದ ಗೇರಲ್ಲೇ ಬಿಟ್ಟು ಇಳಿಯೋ ಮನೆ ನಮ್ಮದು. ನಾನಂತೂ ಪ್ರಾಸದಲ್ಲಿ ಮುಳುಗಿದ್ದೆ: ಕೈಯಲ್ಲಿ ಬಟನ್ನು, ಕಾಲಿಗೆ ರಜೆ ಇನ್ನು. "ಬಿ.ಎ. ಓದಿಸಿದ್ದು ದಂಡ ಆಗಲಿಲ್ಲ ಕಣಪ್ಪ" ಅಂತ ಅಪ್ಪ ನಕ್ಕರು. ಆಮೇಲೆ ನಾನು ಪ್ರಾಸ ಕಟ್ಟಿಲ್ಲ.

ಶ್ರಾವಣ ಶುಕ್ರವಾರ ಪೂಜೆ. ನಿಮ್ಮತ್ತಿಗೆ ತನುಜ ಬಾನೆಟ್ಟಿಗೆ ಕುಂಕುಮ ಹಚ್ಚಿದಳು, ಅಪ್ಪ ಮುಂದಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಗಾಡಿ ಹಿಂದುಗಡೆ, ಮನೆ ಬಾಗಿಲಲ್ಲಿ ರಿಮೋಟ್ ಹಿಡಿದು ನಿಂತಿದ್ದ ನಿನಗೆ "ಒತ್ತು ಬಾಬು" ಅಂದವರೇ, ಒಂದು ಹಣ್ಣು ಉರುಳಿತು ಅಂತ ಮತ್ತೆ ಬಗ್ಗಿದರು. ನಿನಗೆ ಅದು ಕಾಣಲಿಲ್ಲ. ಗಾಡಿ ಗೇರಲ್ಲಿತ್ತು. ಮುಂದಿನದು ಬರೆಯಲ್ಲ.

ಆಸ್ಪತ್ರೆ ಬಾಗಿಲಲ್ಲಿ ನೀನು "ಬೆಳಿಗ್ಗೆ ನ್ಯೂಟ್ರಲ್ ಮಾಡಿದ್ದೆ, ಕೈಯಾರೆ ಮಾಡಿದ್ದೆ" ಅಂತಲೇ ಇದ್ದೆ. ಹನ್ನೊಂದನೇ ದಿನದ ಹೊತ್ತಿಗೆ "ಮಾಡಿದ್ನೋ ಇಲ್ವೋ" ಅನ್ನೋಕೆ ಶುರು ಮಾಡಿದೆ. ತಿಂಗಳಾಗೋದ್ರೊಳಗೆ "ಮಾಡ್ಲಿಲ್ಲ, ನಾನೇ ಅಪ್ಪನ್ನ ಕೊಂದೆ" ಅಂತ ಬ್ಯಾಗು ತಗೊಂಡು ಹೊರಟೆ. ನಾನು ಗೇಟಿನ ತನಕ ಬಂದೆ, ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ಐದಕ್ಕೆ ಅಪ್ಪನ ವರ್ಷದ ತಿಥಿ. ಹಿಂದಿನ ದಿನವೇ ಬಾ. ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ, ತನುಜಳ ನೆನಪು ಇದರ ಜೊತೆಗಿವೆ.

ನಿನ್ನ ಅಣ್ಣ,
ಮುರಳಿಮೋಹನ್

ವಿ.ಸೂ.: ಇದನ್ನ ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅವತ್ತು ನೀನು ಸ್ನಾನಕ್ಕೆ ಹೋದಾಗ, ಪೂಜೆಗೆ ಪೂರ್ವಕ್ಕೆ ಮುಖ ಇರಲಿ ಅಂತ ಗಾಡಿ ತಿರುಗಿಸಿ ನಿಲ್ಲಿಸಿದವನು ನಾನು. ಅಂಗಳ ಇಳಿಜಾರು, ಅಭ್ಯಾಸದಲ್ಲಿ ಗೇರಿಗೆ ಹಾಕಿ ಇಳಿದೆ. ನೀನು ನ್ಯೂಟ್ರಲ್ ಮಾಡಿದ್ದು ನಿಜ ಕಣೋ. ವರ್ಷದಿಂದ ಇದು ನನಗೊಬ್ಬನಿಗೇ ಗೊತ್ತು. ಕಾಗದ ಡಬ್ಬಿಗೆ ಹಾಕಿ ಬಂದು ಅಮ್ಮನಿಗೂ ಹೇಳ್ತೀನಿ. ನನ್ನ ಮುಖ ನೋಡೋಕಾಗಲ್ಲ ಅಂದರೆ ತಿಥಿ ದಿನ ನಾನು ತೋಟದಲ್ಲೇ ಇರ್ತೀನಿ. ಅಪ್ಪನಿಗೆ ಎಡೆ ನೀನೇ ಇಡು.