ಹೆಂಗಸರ ಉಯ್ಯಾಲೆಗೆ ಬರೆದ ಅರ್ಜಿ

ವಿರಾಜಪೇಟೆ, ೧೯೫೩

ವಿಶಾಲಾಕ್ಷಿ,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ ಇವತ್ತು ನಿನ್ನ ಅರ್ಜಿ ಫೈಲಿನಿಂದ ಹೊರಬಂತು. ಊರಿಗೊಂದು ಪಾರ್ಕ್ ಮಾಡುವ ಸರ್ಕಾರದ ಕಮಿಟಿಯಲ್ಲಿ ಈಗ ನಾನೂ ಇದ್ದೇನೆ. ಹೆಂಗಸರಿಗೆಂದೇ ಬೇಲಿ ಹಾಕಿದ ಜಾಗ, ಅಲ್ಲೊಂದು ಉಯ್ಯಾಲೆ ಬೇಕೆಂದು ನೀನು ಹೇಳುತ್ತಾ ಹೋದದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೆನಲ್ಲ, ಅದೇ ಅರ್ಜಿ. ಕೆಳಗೆ ಅಂಗಡಿ ನಡೆಸುತ್ತಿದ್ದ ನಿನ್ನೊಬ್ಬಳದೇ ಸಹಿ. ಆಗ ಬ್ರಿಟಿಷರ ಕಾಲ. ನಮ್ಮ ಯಜಮಾನರ ಸರ್ಕಾರಿ ಕೆಲಸಕ್ಕೆ ತೊಂದರೆಯಾದೀತೆಂದು ನಾನು ಸಹಿ ಹಾಕಿರಲಿಲ್ಲ.

ಗುಮಾಸ್ತ ನಾಗರಾಜು ಅಕ್ಷರ ಗುರುತಿಸಿದ. "ಇದು ನಿಮ್ ಕೈಬರಹ ಅಲ್ವಾ ಅಮ್ಮಾ? ಕೆಲ್ಸ ಎಲ್ಲಾ ನೀವ್ ಮಾಡಿ, ಹೆಸರು ಮಾತ್ರ ಆ ಅಂಗಡಿಯಮ್ಮಂದು ಹಾಕ್ಸಿದೀರಲ್ಲ!"

"ದೊಡ್ಡ ಗುಣ ಕಣಯ್ಯಾ ಅದು," ಎಂದರು ಅಧ್ಯಕ್ಷರು. ಎಲ್ಲರೂ ಚಪ್ಪಾಳೆ ತಟ್ಟಿ, ಪಾರ್ಕಿನಲ್ಲಿ ಹೆಂಗಸರಿಗೆ ಆ ಜಾಗ ಬಿಟ್ಟು ಅದಕ್ಕೆ ನನ್ನ ಹೆಸರಿಡುವುದೆಂದು ಬರೆದುಕೊಂಡರು.

ಬೇಡ ಎಂದೆನೋ ಇಲ್ಲವೋ, ಅದೂ ಸರಿಯಾಗಿ ನೆನಪಿಲ್ಲ. ಅರ್ಜಿ ನಿನ್ನದೇ, ನಾನು ಬರೆದುಕೊಟ್ಟೆ ಅಷ್ಟೇ ಎಂದಂತೂ ಹೇಳಲಿಲ್ಲ. ಅಂದು ಸಹಿ ಹಾಕದೆ ಹೋದದ್ದು ಹೆದರಿಕೆಯಿಂದ. ನಿನಗದು ಗೊತ್ತಿತ್ತು, ಆದರೂ ನೀನು ಒಂದು ಮಾತೂ ಆಡಲಿಲ್ಲ. ಈಗ ಯಜಮಾನರು ಪೆನ್ಷನ್ ಪಡೆದು ಮನೆಯಲ್ಲಿದ್ದಾರೆ. ನಾನು ಹೆದರಬೇಕಾದವರು ಯಾರೂ ಇಲ್ಲ. ಹಾಗಾದರೆ ಇವತ್ತು ನಾನು ನಿಜ ಹೇಳದೆ ಕೂತದ್ದು ಯಾತಕ್ಕೆ?