ಮುಚ್ಚಿದ ಕೊಲ್ಲಿಯ ಬಲೆ

ಬಲ್ಖಾಶ್ ಸರೋವರದ ದಡ,
ಜೂನ್ ೧೪

ನನ್ನ ಅಕ್ಮರಾಲ್,

ನೀನೂ ಮೊಮ್ಮಗ ಅಲಾನನೂ ಕರಗಂಡಾದ ನಿನ್ನ ತವರಿನಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಅತ್ತೆಗೆ ಸೊಕ್ಕು ಬಂತೆಂದು ತಿಳಿಯಬೇಡ. ಬರೆಯಲು ಧೈರ್ಯ ಸಾಲಲಿಲ್ಲ. ಮಗುವಿಗೆ ಒಣಮೊಸರಿನ ಉಂಡೆ ಕಳಿಸಿದ್ದೇನೆ. ಉಪ್ಪು ತುಸು ಮುಂದಾಗಿದೆ. ನನ್ನ ಮಗ ತಲ್ಗಾತನಿಂದ ಸುದ್ದಿ ಬಂತೇ ಎಂದು ಈ ಸಲ ಕೇಳುವುದಿಲ್ಲ.

ಈ ವಸಂತದಲ್ಲಿ ಜೊಂಡಿನ ಕೊಲ್ಲಿಯನ್ನು ಮುಚ್ಚಿದೆವು. ಮೀನು ಮೊಟ್ಟೆಯಿಟ್ಟು ಮುಗಿಸುವವರೆಗೆ ಬಲೆಯವರೂ ಇಳಿಯಬಾರದು, ಗಾಳ ಹಾಕಲು ಬರುವ ಪಟ್ಟಣದವರೂ ಇಳಿಯಬಾರದು. ಬಲೆಯವರ ಮುಖಂಡ ಝುಮಾಬೆಕ್‌ಗೂ ಅತಿಥಿಗೃಹದ ರಖಿಮ್‌ಗೂ ಎಣ್ಣೆ ಸೀಗೆಕಾಯಿ. ಆದರೂ ಕಳೆದ ವರ್ಷ ಬರೀ ಬೆರಳುದ್ದದ ಮೀನು ಸಿಕ್ಕಿತ್ತಲ್ಲ, ಹೆದರಿ ಇಬ್ಬರೂ ರೊಟ್ಟಿ ಮುಟ್ಟಿ ಮಾತು ಕೊಟ್ಟರು. ಊರಿಗೆಲ್ಲ ಅಪಾ, ಹಿರಿಯಮ್ಮ ಎಂದು ನನ್ನನ್ನು ನಡುವೆ ಕೂರಿಸಿದರು.

ಕೆಲವೇ ದಿನಗಳಲ್ಲಿ ಕೊಲ್ಲಿಯಿಂದ ಸತ್ತ ಮೀನು ತೇಲಿ ಬರತೊಡಗಿದವು. ದೊಡ್ಡ ದೊಡ್ಡ ತಾಯಿ ಮೀನುಗಳು, ಹೊಟ್ಟೆ ತುಂಬ ಮೊಟ್ಟೆ. ಪ್ರತಿಯೊಂದರ ಕುತ್ತಿಗೆಗೂ ದಾರ ಬಿಗಿದ ಗೆರೆ. ನೀರಕಾಗೆಗಳು ಕೂಡ ಅವನ್ನು ಮುಟ್ಟಲಿಲ್ಲ.

"ಇದು ಬಲೆ ಗುರುತು ಅಪಾ, ಕಣ್ಣು ಕಾಣ್ಸಲ್ವಾ?" ಎಂದ ರಖಿಮ್.

"ನಮ್ಮ ಬಲೆ ಎಲ್ಲಾ ಅಂಗಳದಲ್ಲಿ ಒಣಗ್ತಿದೆ, ಬಂದು ನೋಡು. ನಿನ್ನ ಅತಿಥಿಗಳನ್ನ ವಿಚಾರಿಸ್ಕೋ" ಎಂದ ಝುಮಾಬೆಕ್. "ನಾಳೆ ಕಳ್ಳ ಸಿಗ್ಲಿಲ್ಲ ಅಂದ್ರೆ ನಾನೂ ಬಲೆ ಇಳಿಸ್ತೀನಿ."

ಅವನಿಳಿಸಿದರೆ ಎಲ್ಲರೂ ಇಳಿಸುತ್ತಿದ್ದರು. ಇಬ್ಬರನ್ನೂ ಒಂದೇ ದೋಣಿಯಲ್ಲಿ ಕೂರಿಸಿಕೊಂಡು ನಾನೇ ಕಾವಲು ಹೋದೆ. ಬಿಸಿಲೇರಿತ್ತು, ಗಾಳಿಯ ಸುಳಿವಿರಲಿಲ್ಲ, ನೀರು ಕನ್ನಡಿಯಂತಿತ್ತು. ಇದ್ದಕ್ಕಿದ್ದಂತೆ ಒಂದು ಕಡೆ ಮಾತ್ರ ಜೊಂಡು ನಡುಗಿತು. ಕೆಳಗೆ ಏನೋ ಒದ್ದಾಡಿತು. ನಿಂತಿತು. ಮತ್ತೆ ಒದ್ದಾಡಿತು.

"ಯಾರೋ ಎಳೀತಿದಾರೆ" ಎಂದು ರಖಿಮ್ ಪಿಸುಗುಟ್ಟಿದ.

"ಯಾರೂ ಇಲ್ವಲ್ಲೋ." ಝುಮಾಬೆಕ್‌ನ ತುಟಿ ಬಿಳಿಚಿತ್ತು. "ನೀರಿನೊಡೆಯ ತನ್ನ ಪಾಲು ತಗೋತಿದಾನೆ ಅಪಾ. ವಾಪಸ್ ಹೋಗೋಣ."

ನಾನು ಬಿಡಲಿಲ್ಲ. ಕೊಕ್ಕೆ ಇಳಿಸಿ ಇಬ್ಬರೂ ಎಳೆದರು. ಬಲೆ ಮೇಲೆ ಬಂತು. ತೇಲುಬೆಂಡು ಕಿತ್ತುಹೋಗಿ, ಪಾಚಿ ಕಟ್ಟಿದ ಹಳೇ ಬಲೆ. ಅದರಲ್ಲಿ ಮೂಳೆ, ಮೂಳೆಯ ಮೇಲೆ ಕೊಳೆತ ಮೀನು, ಅದರ ಮೇಲೆ ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದ ಮೀನು. ಹಿಡಿದವನಿಲ್ಲ, ತಿನ್ನುವವನಿಲ್ಲ, ಅದು ತನ್ನಷ್ಟಕ್ಕೆ ಹಿಡಿಯುತ್ತಲೇ ಇತ್ತು, ಅಕ್ಮರಾಲ್.

ಅಂದಿನಿಂದ ಸತ್ತ ಮೀನು ಬಂದಿಲ್ಲ. ಕೊಲ್ಲಿ ಮುಚ್ಚಿಯೇ ಇದೆ. ಇನ್ನು ಪ್ರತಿ ವರ್ಷ ಹಿಮ ಕರಗಿದೊಡನೆ ಎರಡೂ ಕಡೆಯವರು ಕೂಡಿ ಕಳೆದುಹೋದ ಬಲೆಗಳನ್ನು ಹುಡುಕಬೇಕೆಂದು ಒಪ್ಪಿದ್ದಾರೆ. ಮೊನ್ನೆ ಜೊಂಡಿನ ಬುಡದಲ್ಲಿ ಮರಿಮೀನುಗಳು ಕಂಡವು, ಹೊಗೆಯ ಹಾಗೆ.

ನಿನ್ನ ಒಲೆ ಆರದಿರಲಿ. ಮಗು ನೂರು ವರ್ಷ ಬಾಳಲಿ.

ನಿನ್ನ ಅತ್ತೆ,
ಕನಿಪಾ

ಇದು ಮರೆತು ಕೆಳಗೆ ಬರೆದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬಲೆಯ ಕೊನೆಯಲ್ಲಿ ತಲ್ಗಾತ್ ಇದ್ದ. ಅವನ ತಂದೆಯ ಬೆಳ್ಳಿ ಬಿಲ್ಲೆಯ ಬೆಲ್ಟು ಸೊಂಟದಲ್ಲೇ ಇತ್ತು. ಆ ಚಳಿಗಾಲ ಜಗಳವಾಡಿ ರಷ್ಯಾದ ಒಮ್ಸ್ಕ್‌ಗೆ ಹೋದ, ಅಲ್ಲಿ ಬೇರೆ ಸಂಸಾರ ಹೂಡಿದ ಎಂದು ಊರೆಲ್ಲ ಹೇಳಿತು. ನೀನು ಶಪಿಸಿ ತವರಿಗೆ ಹೋದೆ, ನಾನೂ ಶಪಿಸಿದೆ. ಹೋಗುವ ಮುನ್ನ ನಮಗೊಂದಿಷ್ಟು ಮೀನು ಹಿಡಿದಿಡಲೆಂದು ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಯಡಿಗೆ ಬಲೆ ಬಿಡುವಾಗ ಅದು ಒಡೆದು, ಬಲೆಯೊಂದಿಗೇ ಮುಳುಗಿರಬೇಕು. ಶುಕ್ರವಾರ ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದೆವು. ರಖಿಮ್, ಝುಮಾಬೆಕ್ ಇಬ್ಬರೂ ಹೆಗಲು ಕೊಟ್ಟರು. ಅಲಾನನಿಗೆ ಹೇಳು ಮಗಳೇ, ಅಪ್ಪ ನಮ್ಮನ್ನು ಬಿಟ್ಟು ಹೋಗಿರಲಿಲ್ಲ ಅಂತ.